ಮನದ ಬೇನೆಗೆ ಮಾತಿನ ಮದ್ದು

ನಮ್ಮ ಪರಿಚಿತರಾದ ಸರಕಾರಿ ಅಧಿಕಾರಿಗಳೊಬ್ಬರು ಕಳೆದ ಮಳೆಗಾಲದ ಒಂದು ಸಂಜೆ ನಮ್ಮನ್ನು ಕಾಣಲು ಬಂದಿದ್ದರು. ವಯಸ್ಸು ಐವತ್ತನ್ನು ದಾಟಿದೆ, ಸೇವೆಯಲ್ಲಿ ಒಂದು ಕಪ್ಪುಚುಕ್ಕೆಯಿಲ್ಲ, ಮಕ್ಕಳು ಓದಿ ಕೆಲಸ ಹಿಡಿದಿದ್ದಾರೆ, ಅನ್ನವಸ್ತ್ರಗಳಿಗೆ ಕೊರತೆಯಿಲ್ಲ. ಆದರೂ ಮೂರು ತಿಂಗಳಿನಿಂದ ಅವರಿಗೆ ನಸುಕಿನ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆ ಬಾರದು. ಊಟ ರುಚಿಸದು. ಕಡತವನ್ನು ಬಿಚ್ಚಿದರೆ ಒಂದೇ ಪುಟವನ್ನು ನಾಲ್ಕು ಸಲ ಓದಿದರೂ ತಲೆಗೆ ಹತ್ತದು. ರಕ್ತಪರೀಕ್ಷೆಯಾಯಿತು, ಹೃದಯಪರೀಕ್ಷೆಯಾಯಿತು, ಯಾವುದರಲ್ಲಿಯೂ ದೋಷ ಕಾಣಲಿಲ್ಲ. ಕೊನೆಗೆ ವೈದ್ಯರು, ಇದು ಖಿನ್ನತೆಯೆಂಬ ಬೇನೆ, ಆಪ್ತಸಮಾಲೋಚನೆಗೆ ಹೋಗಿರಿ ಎಂದರಂತೆ.

"ಅಲ್ಲ ಸ್ವಾಮಿ, ಗುಳಿಗೆ ಕೊಟ್ಟರೆ ನುಂಗುತ್ತೇನೆ, ಸೂಜಿ ಚುಚ್ಚಿದರೆ ಸಹಿಸುತ್ತೇನೆ. ಗುರುತುಪರಿಚಯವಿಲ್ಲದವರ ಎದುರು ಕುಳಿತು, ಹಣವನ್ನೂ ಕೊಟ್ಟು, ಮನೆಯ ಮಾತನ್ನು ಆಡಿ ಬಂದರೆ ರೋಗ ಹೋಗುತ್ತದೆಯೇ?" ಎಂದು ಅವರು ಕೇಳಿದರು.

ನಾವು ಏನೋ ಸಮಾಧಾನದ ಮಾತನ್ನು ಹೇಳಿ ಕಳುಹಿಸಿಕೊಟ್ಟೆವು. ಅದು ಉತ್ತರವಲ್ಲವೆಂಬುದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿದ್ದಿರಬೇಕು. ಈ ಪ್ರಶ್ನೆ ಅವರೊಬ್ಬರದಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಾಯಿ ಬಿಟ್ಟು ಕೇಳಲಾರದೆ ಒಳಗೊಳಗೇ ಇದನ್ನು ಕೇಳಿಕೊಳ್ಳುತ್ತಿರುವವರು ನಮ್ಮ ವಾಚಕರಲ್ಲಿಯೇ ಅನೇಕರಿರುವರೆಂದು ನಾವು ಬಲ್ಲೆವು. ಆದುದರಿಂದ ವಿಷಯವನ್ನು ಕೈಲಾದಮಟ್ಟಿಗೆ ವಿಚಾರಿಸಿ, ನಮಗೆ ಕಂಡುದನ್ನು ಇಲ್ಲಿ ಮುಂದಿಡುತ್ತೇವೆ.

ಬೇನೆಯ ಹರವು

ಮನಸ್ಸಿನ ಬೇನೆಯೆಂದರೆ ಬೀದಿಯಲ್ಲಿ ಬಟ್ಟೆ ಹರಿದುಕೊಂಡು ತಿರುಗುವವರದು ಮಾತ್ರವೆಂಬ ಭಾವನೆ ನಮ್ಮ ಜನರಲ್ಲಿ ಇನ್ನೂ ಅಳಿದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೨೦೧೫-೧೬ರಲ್ಲಿ ದೇಶದ ೧೨ ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನೋಡಿದವರಿಗೆ ಈ ಭಾವನೆ ನಿಲ್ಲದು. ವಯಸ್ಕರಲ್ಲಿ ನೂರಕ್ಕೆ ೧೦.೬ ಮಂದಿ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ವ್ಯಾಧಿಯಿಂದ ನರಳುತ್ತಿದ್ದರೆಂದು ಅದು ತೋರಿಸಿಕೊಟ್ಟಿತು. ಅವರಲ್ಲಿ ಬಹುಮಂದಿ ನಮ್ಮ ನಿಮ್ಮಂತೆಯೇ ಕಚೇರಿಗೆ ಹೋಗುವವರು, ಅಂಗಡಿ ನಡೆಸುವವರು, ಮನೆವಾರ್ತೆ ನೋಡಿಕೊಳ್ಳುವವರು. ಇನ್ನೂ ವಿಷಾದಕರವಾದ ಸಂಗತಿಯೇನೆಂದರೆ, ವ್ಯಾಧಿಯ ಬಗೆಗೆ ತಕ್ಕಂತೆ ನೂರರಲ್ಲಿ ೭೦ರಿಂದ ೯೨ ಮಂದಿಗೆ ಯಾವ ಚಿಕಿತ್ಸೆಯೂ ದೊರೆತಿರಲಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆ ಕಚೇರಿಯ ಲೆಕ್ಕದಂತೆ ೨೦೨೨ರಲ್ಲಿ ದೇಶದಲ್ಲಿ ೧,೭೦,೯೨೪ ಮಂದಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಅವರಲ್ಲಿ ೧೩,೬೦೬ ಮಂದಿ ಕರ್ನಾಟಕದವರು. ಎಂದರೆ ದಿನವೊಂದಕ್ಕೆ ಸರಾಸರಿ ೩೭ ಮಂದಿ. ಈ ಮರಣಗಳೆಲ್ಲಕ್ಕೂ ಮನೋವ್ಯಾಧಿಯೇ ಕಾರಣವೆಂದು ನಾವು ಹೇಳುವುದಿಲ್ಲ. ಸಾಲ, ಕುಟುಂಬಕಲಹ, ಕಾಯಿಲೆ, ಕುಡಿತ ಮೊದಲಾದ ಕಾರಣಗಳೂ ಅದರಲ್ಲಿ ಸೇರಿವೆ. ಮಾತಿನಿಂದ ಸಾಲ ತೀರದು. ಆದರೆ ಆ ೩೭ ಮಂದಿಯಲ್ಲಿ ಎಷ್ಟು ಮಂದಿ ಹಿಂದಿನ ದಿನ ಯಾರೊಡನೆಯಾದರೂ ಮನಬಿಚ್ಚಿ ಮಾತನಾಡಿದ್ದರು ಎಂದು ಕೇಳಿಕೊಂಡರೆ, ನಮ್ಮ ವಿಷಯ ಬರಿಯ ಕುತೂಹಲದ್ದಲ್ಲವೆಂಬುದು ಮನದಟ್ಟಾದೀತು.

ಪದ್ಧತಿಯ ಹುಟ್ಟು, ಸಂದೇಹ, ಪರೀಕ್ಷೆ

ಮಾತಿನಿಂದ ಚಿಕಿತ್ಸೆಯೆಂಬ ಹೆಸರು ಮೊದಲು ಹೊರಟದ್ದು ವಿಯೆನ್ನಾ ನಗರದಿಂದ. ೧೮೮೦ರಿಂದ ೧೮೮೨ರವರೆಗೆ ಅಲ್ಲಿನ ವೈದ್ಯ ಜೋಸೆಫ್ ಬ್ರಾಯರನು ಬರ್ಥಾ ಪಾಪ್ಪೆನ್‌ಹೈಮ್ ಎಂಬ ತರುಣಿಗೆ ಚಿಕಿತ್ಸೆ ನಡೆಸುತ್ತಿದ್ದಾಗ, ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡಂತೆಲ್ಲ ರೋಗಲಕ್ಷಣಗಳು ತಗ್ಗುತ್ತಿರುವುದನ್ನು ಕಂಡು ಆಕೆಯೇ ಆ ಹೆಸರನ್ನಿಟ್ಟಳು. ೧೮೯೫ರಲ್ಲಿ ಬ್ರಾಯರನೂ ಸಿಗ್ಮಂಡ್ ಫ್ರಾಯ್ಡನೂ ಕೂಡಿ ಬರೆದ ಗ್ರಂಥದಿಂದ ಈ ವೃತ್ತಾಂತ ಲೋಕಪ್ರಸಿದ್ಧವಾಯಿತು. ಆದರೆ ಗ್ರಂಥದಲ್ಲಿ ತೋರುವಷ್ಟು ಸುಲಭವಾಗಿ ಆಕೆ ಗುಣಹೊಂದಲಿಲ್ಲ. ಅದಾದ ಮೇಲೆಯೂ ಕೆಲವು ವರ್ಷ ಆಗಾಗ ಆರೋಗ್ಯಧಾಮಗಳನ್ನು ಸೇರಬೇಕಾಯಿತು. ಮುಂದೆ ಆಕೆ ಚೇತರಿಸಿಕೊಂಡು ಸಮಾಜಸೇವೆಯಲ್ಲಿ ದೊಡ್ಡ ಹೆಸರು ಪಡೆದಳು. ಮೊದಲ ರೋಗಿಯ ಕಥೆಯಲ್ಲಿಯೇ ಈ ಪದ್ಧತಿಯ ಸತ್ತ್ವವೂ ಅದರ ಪ್ರಚಾರಕರ ಅತ್ಯುಕ್ತಿಯೂ ಎರಡೂ ಇವೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಭಾರತ ಈ ವಿದ್ಯೆಗೆ ಹೊಸದಲ್ಲ. ಕಲಕತ್ತೆಯಲ್ಲಿ ಡಾ. ಗಿರೀಂದ್ರಶೇಖರ ಬೋಸರು ೧೯೨೨ರಲ್ಲಿಯೇ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. ಫ್ರಾಯ್ಡನೊಡನೆ ಪತ್ರವ್ಯವಹಾರ ನಡೆಸಿ, ಅವನ ಅಭಿಪ್ರಾಯಗಳನ್ನು ಒಪ್ಪದ ಕಡೆ ಒಪ್ಪುವುದಿಲ್ಲವೆಂದು ತಿಳಿಸಿದ ಸ್ವತಂತ್ರಬುದ್ಧಿಯವರು ಅವರು.

ಸಂದೇಹವೂ ಬೇಗನೆ ಹುಟ್ಟಿತು. ೧೯೫೨ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞ ಹಾನ್ಸ್ ಐಸೆಂಕನು, ಈ ಚಿಕಿತ್ಸೆ ಪಡೆದವರೂ ಪಡೆಯದವರೂ ಕಾಲಕ್ರಮದಲ್ಲಿ ಸರಿಸುಮಾರಾಗಿ ಒಂದೇ ಪ್ರಮಾಣದಲ್ಲಿ ಗುಣಹೊಂದುತ್ತಾರೆ, ಮತ್ತೆ ಚಿಕಿತ್ಸೆಯ ಪ್ರಯೋಜನವೇನು ಎಂದು ನೇರವಾಗಿ ಪ್ರಶ್ನಿಸಿದನು. ಪ್ರಶ್ನೆ ಕಠೋರವಾಗಿದ್ದರೂ ಉಪಕಾರವಾಯಿತು. ಅಲ್ಲಿಂದ ಮುಂದೆ, ಔಷಧವನ್ನು ಪರೀಕ್ಷಿಸುವಂತೆ ಮಾತನ್ನೂ ಪರೀಕ್ಷಿಸುವ ಕ್ರಮ ಬೆಳೆಯಿತು: ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಚಿಕಿತ್ಸೆ ಕೊಟ್ಟು, ಇನ್ನೊಂದಕ್ಕೆ ಕೊಡದೆ, ಕೆಲವು ಕಾಲದ ತರುವಾಯ ಎರಡನ್ನೂ ತೂಗಿ ನೋಡುವುದು. ೧೯೭೭ರಲ್ಲಿ ಅಮೆರಿಕದ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ ಎಂಬ ವಿದ್ವಾಂಸರು ಇಂಥ ೩೭೫ ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿಯ ಸ್ಥಿತಿ, ಪಡೆಯದವರಲ್ಲಿ ನೂರಕ್ಕೆ ೭೫ ಮಂದಿಯ ಸ್ಥಿತಿಗಿಂತ ಉತ್ತಮವಾಗಿತ್ತೆಂದು ಅವರು ಕಂಡರು. ಆ ಬಳಿಕ ಬಂದ ಹೆಚ್ಚು ಕಟ್ಟುನಿಟ್ಟಾದ ಪರೀಕ್ಷೆಗಳು ಈ ಲಾಭವನ್ನು ಸ್ವಲ್ಪ ತಗ್ಗಿಸಿ ತೋರಿಸಿವೆ, ಅಳಿಸಿಹಾಕಿಲ್ಲ.

ಚಿಕಿತ್ಸೆಯಲ್ಲಿ ನಡೆಯುವುದೇನು?

ಮಾತಿನ ಚಿಕಿತ್ಸೆಯೆಂದೊಡನೆ, ರೋಗಿ ಮಂಚದ ಮೇಲೆ ಮಲಗಿ ವರ್ಷಗಟ್ಟಲೆ ಬಾಲ್ಯದ ಕಥೆ ಹೇಳುವ ಚಿತ್ರವನ್ನು ಅನೇಕರು ಕಣ್ಣಮುಂದೆ ತಂದುಕೊಳ್ಳುತ್ತಾರೆ. ಇಂದು ಹೆಚ್ಚಾಗಿ ಪರೀಕ್ಷೆಗೊಳಗಾಗಿ ತೇರ್ಗಡೆಯಾಗಿರುವ ಪದ್ಧತಿಗಳು ಹಾಗಿಲ್ಲ. ಅವು ವಾರಕ್ಕೊಮ್ಮೆಯಂತೆ ಆರರಿಂದ ಇಪ್ಪತ್ತು ಬೈಠಕ್ಕುಗಳಲ್ಲಿ ಮುಗಿಯತಕ್ಕವು; ಬೈಠಕ್ಕಿನಿಂದ ಬೈಠಕ್ಕಿಗೆ ಮನೆಯಲ್ಲಿ ಮಾಡಿಕೊಂಡು ಬರಬೇಕಾದ ಕೆಲಸವಿರುತ್ತದೆ.

ಫಿಲಡೆಲ್ಫಿಯಾದ ಆರನ್ ಬೆಕ್ ಎಂಬ ವೈದ್ಯನು ೧೯೬೦ರ ದಶಕದಲ್ಲಿ ರೂಪಿಸಿದ ಪದ್ಧತಿಯನ್ನು ತೆಗೆದುಕೊಳ್ಳೋಣ. ಮೇಲಧಿಕಾರಿಗಳು ಎದುರಿಗೆ ಬಂದಾಗ ನಮ್ಮ ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡಲಿಲ್ಲವೆನ್ನಿರಿ. ಸ್ವಸ್ಥನಾದವನು, ಏನೋ ಯೋಚನೆಯಲ್ಲಿದ್ದರು ಎಂದುಕೊಂಡು ಮರೆಯುತ್ತಾನೆ. ಖಿನ್ನನಾದವನ ಮನಸ್ಸು, 'ಅವರಿಗೆ ನನ್ನ ಮೇಲೆ ಅಸಮಾಧಾನ. ನಾನು ಕೆಲಸಕ್ಕೆ ಬಾರದವನೆಂಬುದು ಅವರಿಗೂ ತಿಳಿದುಹೋಯಿತು' ಎಂದು ಕ್ಷಣಮಾತ್ರದಲ್ಲಿ ತೀರ್ಪು ಬರೆದುಬಿಡುತ್ತದೆ. ಚಿಕಿತ್ಸಕರು ಆ ತೀರ್ಪನ್ನು ಹಿಡಿದು ನಿಲ್ಲಿಸಿ, ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಪಾಟೀಸವಾಲು ಮಾಡುವಂತೆ ಪ್ರಶ್ನಿಸುವುದನ್ನು ರೋಗಿಗೇ ಕಲಿಸುತ್ತಾರೆ. ಇದಕ್ಕೆ ಆಧಾರವೇನು? ಬೇರೆ ಕಾರಣವಿರಬಹುದೇ? ಇದೇ ಮಾತನ್ನು ನಿನ್ನ ಸ್ನೇಹಿತನು ಹೇಳಿದ್ದರೆ ನೀನೇನೆನ್ನುತ್ತಿದ್ದೆ? ಕೆಲವು ವಾರಗಳಲ್ಲಿ ರೋಗಿಯು ತನ್ನ ಮನಸ್ಸಿನ ದೂರನ್ನು ವಿಚಾರಣೆಯಿಲ್ಲದೆ ಒಪ್ಪಿಕೊಳ್ಳುವ ರೂಢಿಯನ್ನು ಬಿಡತೊಡಗುತ್ತಾನೆ.

ಇನ್ನೊಂದು ಪದ್ಧತಿ ಇದಕ್ಕಿಂತಲೂ ಸರಳವಾದುದು. ಖಿನ್ನತೆ ಹಿಡಿದವನು ಮೊದಲು ಮಾಡುವುದು ಒಂದೊಂದಾಗಿ ಕೆಲಸಗಳನ್ನು ಬಿಡುವುದು. ಸಂಜೆಯ ತಿರುಗಾಟ ನಿಲ್ಲುತ್ತದೆ. ಸ್ನೇಹಿತರ ಮನೆಗೆ ಹೋಗುವುದು ನಿಲ್ಲುತ್ತದೆ. ವಾಚನಾಲಯ, ಸಂಗೀತ, ತೋಟದ ಕೆಲಸ ಎಲ್ಲವೂ ನಿಲ್ಲುತ್ತವೆ. ಬಿಟ್ಟಾಗ ಅರೆಗಳಿಗೆ ಹಗುರವೆನಿಸುತ್ತದೆ. ಆದರೆ ದಿನ ಬರಿದಾದಷ್ಟೂ ಮನಸ್ಸು ಬರಿದಾಗುತ್ತದೆ; ಮನಸ್ಸು ಬರಿದಾದಷ್ಟೂ ಇನ್ನಷ್ಟು ಬಿಡಬೇಕೆನಿಸುತ್ತದೆ. ಈ ಸುಳಿಯನ್ನು ಮುರಿಯಲು ಸಮಾಲೋಚಕರು ರೋಗಿಯೊಡನೆ ಕುಳಿತು ದಿನಚರಿಯ ಪಟ್ಟಿಯನ್ನು ಬರೆಸುತ್ತಾರೆ. ಮನಸ್ಸು ಬಂದ ಮೇಲೆ ಕೆಲಸ ಮಾಡುವೆನೆಂದು ಕಾಯದೆ, ಮೊದಲು ಚಿಕ್ಕದೊಂದು ಕೆಲಸವನ್ನು ಮಾಡು, ಮನಸ್ಸು ತಾನಾಗಿ ಹಿಂದೆ ಬರಲಿ ಎಂಬುದೇ ಇದರ ಸೂತ್ರ. ಬುಧವಾರ ಸಂಜೆ ಅರ್ಧ ಗಂಟೆ ನಡೆಯುವುದೆಂದು ನಿಶ್ಚಯವಾದರೆ, ಮುಂದಿನ ವಾರ ನಡೆದೆಯೋ ಇಲ್ಲವೋ, ಅಡ್ಡಿಯೇನು ಬಂತು ಎಂದು ವಿಚಾರಣೆಯಾಗುತ್ತದೆ.

ನೆರೆಯ ಗೋವೆಯ ನಿದರ್ಶನ

ಇವೆಲ್ಲ ಯೂರೋಪು ಅಮೆರಿಕಗಳ ಸುಖವಂತರ ಮಾತಾಯಿತು. ನಮ್ಮ ಊರುಗಳ ಬಡಬಗ್ಗರಿಗೆ ಇದು ಸಲ್ಲುವುದೇ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರ ನಮ್ಮ ನೆರೆಯ ಗೋವೆಯಲ್ಲಿಯೇ ಇದೆ.

ಡಾ. ವಿಕ್ರಮ ಪಟೇಲರೂ 'ಸಂಗಾತ' ಎಂಬ ಸಂಸ್ಥೆಯ ಅವರ ಸಹೋದ್ಯೋಗಿಗಳೂ ೨೦೧೩ರಿಂದ ೨೦೧೫ರ ನಡುವೆ ಗೋವೆಯ ೧೦ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದವರಲ್ಲಿ ತೀವ್ರ ಖಿನ್ನತೆಯಿದ್ದ ೪೯೫ ಮಂದಿಯನ್ನು ಆರಿಸಿಕೊಂಡರು. ಬಹುಪಾಲು ಸ್ತ್ರೀಯರು. ಅರ್ಧದಷ್ಟು ಮಂದಿಗೆ ಕೇಂದ್ರದ ವೈದ್ಯರ ಎಂದಿನ ಉಪಚಾರವನ್ನು ತುಸು ಸುಧಾರಿಸಿ ಕೊಟ್ಟರು. ಉಳಿದ ಅರ್ಧದಷ್ಟು ಮಂದಿಗೆ ಅದರ ಜೊತೆಯಲ್ಲಿ, ನಾವು ಮೇಲೆ ಹೇಳಿದ ದಿನಚರಿಯ ಪದ್ಧತಿಯಂತೆ ಆರರಿಂದ ಎಂಟು ಬೈಠಕ್ಕುಗಳ ಸಮಾಲೋಚನೆಯನ್ನು ಕೊಟ್ಟರು. ಕೊಟ್ಟವರು ವೈದ್ಯರಲ್ಲ, ಮನಶ್ಶಾಸ್ತ್ರದ ಪದವೀಧರರೂ ಅಲ್ಲ. ಆಯಾ ಊರಿನ ಸಾಮಾನ್ಯ ವಿದ್ಯಾವಂತರನ್ನು ಆರಿಸಿ, ತರಬೇತಿ ಕೊಟ್ಟು, ಅವರ ಬೈಠಕ್ಕುಗಳನ್ನು ಧ್ವನಿಮುದ್ರಿಸಿ ತಪ್ಪುಗಳನ್ನು ತಿದ್ದುತ್ತ ಆ ಕೆಲಸಕ್ಕೆ ಅಣಿಗೊಳಿಸಲಾಗಿತ್ತು.

ಮೂರು ತಿಂಗಳ ತರುವಾಯ ಎಣಿಸಿ ನೋಡಿದರು. ಎಂದಿನ ಉಪಚಾರ ಮಾತ್ರ ಪಡೆದವರಲ್ಲಿ ನೂರಕ್ಕೆ ೩೯ ಮಂದಿ ಖಿನ್ನತೆಯಿಂದ ಪಾರಾಗಿದ್ದರು. ಸಮಾಲೋಚನೆಯನ್ನೂ ಪಡೆದವರಲ್ಲಿ ನೂರಕ್ಕೆ ೬೪ ಮಂದಿ ಪಾರಾಗಿದ್ದರು. ಎರಡನೆಯ ಗುಂಪಿನಲ್ಲಿ ಕೆಲಸ ತಪ್ಪಿದ ದಿನಗಳು ಕಡಮೆಯಾಗಿದ್ದವು. ಸಾಯುವ ಯೋಚನೆಯೂ ಕಡಮೆಯಾಗಿತ್ತು. ಒಂದು ವರ್ಷದ ಮೇಲೆ ನೋಡಿದಾಗಲೂ ಲಾಭ ಉಳಿದುಕೊಂಡಿತ್ತು.

ಈ ಅಂಕಿಗಳನ್ನು ನಾವು ಹಿಗ್ಗಿಸದೆ ಕುಗ್ಗಿಸದೆ ಓದಬೇಕು. ಸಮಾಲೋಚನೆಯಿಲ್ಲದೆಯೂ ನೂರಕ್ಕೆ ೩೯ ಮಂದಿ ಚೇತರಿಸಿಕೊಂಡರು. ಆದುದರಿಂದ ಗುಣಹೊಂದಿದವರೆಲ್ಲರೂ ಮಾತಿನಿಂದಲೇ ಗುಣಹೊಂದಿದರೆನ್ನುವುದು ಸಲ್ಲದು. ಸಮಾಲೋಚನೆ ಪಡೆದೂ ನೂರಕ್ಕೆ ೩೬ ಮಂದಿ ಆ ಅವಧಿಯಲ್ಲಿ ಪಾರಾಗಲಿಲ್ಲ. ಆದುದರಿಂದ ಇದು ರಾಮಬಾಣವಲ್ಲ. ಆದರೆ ಉಳಿದ ಅಂತರವಾದ ನೂರಕ್ಕೆ ೨೫ ಮಂದಿ ಸಾಮಾನ್ಯ ಸಂಖ್ಯೆಯೇ? ದಿನಕ್ಕೊಂದು ಗುಳಿಗೆಯಿಂದ ಇಷ್ಟು ಲಾಭವಾಗುತ್ತದೆಂದು ಯಾರಾದರೂ ತೋರಿಸಿಕೊಟ್ಟಿದ್ದರೆ, ಅದು ತಾಲೂಕು ತಾಲೂಕಿನ ಔಷಧಾಲಯದಲ್ಲಿಯೂ ಇರಬೇಕೆಂದು ನಾವೇ ಗದ್ದಲವೆಬ್ಬಿಸುತ್ತಿರಲಿಲ್ಲವೇ?

ಆಫ್ರಿಕಾ ಖಂಡದ ಜಿಂಬಾಬ್ವೆಯಿಂದಲೂ ಇಂಥದೇ ಸಾಕ್ಷ್ಯ ಬಂದಿದೆ. ಆ ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು ಮಂದಿ. ಡಾ. ಡಿಕ್ಸನ್ ಚಿಬಾಂಡಾ ಎಂಬವರು ೨೦೦೬ರಲ್ಲಿ ಹರಾರೆ ನಗರದ ಆರೋಗ್ಯ ಕೇಂದ್ರಗಳ ಅಂಗಳದಲ್ಲಿ ಮರದ ಬೆಂಚುಗಳನ್ನು ಹಾಕಿಸಿ, ಊರಿನ ಅಜ್ಜಿಯರಿಗೆ ತರಬೇತಿ ಕೊಟ್ಟು ಕೂರಿಸುವ ಏರ್ಪಾಡನ್ನು ಆರಂಭಿಸಿದರು. ೨೪ ಕೇಂದ್ರಗಳ ೫೭೩ ಮಂದಿಯ ಮೇಲೆ ನಡೆದು ೨೦೧೬ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ತಿಂಗಳ ತರುವಾಯ ಎಂದಿನ ಉಪಚಾರ ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಖಿನ್ನತೆಯ ಲಕ್ಷಣಗಳು ಉಳಿದಿದ್ದವು. ಅಜ್ಜಿಯರೊಡನೆ ಬೆಂಚಿನಲ್ಲಿ ಕುಳಿತವರಲ್ಲಿ ಉಳಿದದ್ದು ನೂರಕ್ಕೆ ೧೪ ಮಂದಿಗೆ. ಅರಳಿಕಟ್ಟೆಯನ್ನು ಬಲ್ಲ ನಮ್ಮವರಿಗೆ ಈ ಬೆಂಚು ಅಪರಿಚಿತವಾಗಿ ತೋರಲಾರದು. ಆದರೆ ಕಟ್ಟೆಯ ಮೇಲೆ ಆಡಿದ ಮಾತು ಸಂಜೆಯೊಳಗೆ ಊರಿಗೆಲ್ಲ ಹಬ್ಬುತ್ತಿತ್ತು. ಬೆಂಚಿನ ಮೇಲೆ ಆಡಿದ ಮಾತು ಅಲ್ಲಿಯೇ ಉಳಿಯಬೇಕೆಂಬುದು ನಿಯಮ. ಈ ಭೇದ ಸಣ್ಣದಲ್ಲ.

ಆಕ್ಷೇಪಣೆಗಳು

ಮಾತನಾಡಲು ಮನೆಯವರಿಲ್ಲವೇ, ಸ್ನೇಹಿತರಿಲ್ಲವೇ ಎಂಬುದು ಮೊದಲನೆಯ ಆಕ್ಷೇಪಣೆ. ಇದ್ದಾರೆ, ಇರುವುದು ಭಾಗ್ಯವೇ ಸರಿ. ಆದರೆ ನಮ್ಮವರು ನಮ್ಮ ದುಃಖವನ್ನು ಬಹಳ ಹೊತ್ತು ನೋಡಲಾರರು. 'ಧೈರ್ಯ ತಂದುಕೋ, ನಿನಗೇನು ಕಡಮೆಯಾಗಿದೆ' ಎಂದು ಬೇಗ ಮುಗಿಸಲು ಯತ್ನಿಸುತ್ತಾರೆ. ಪ್ರೀತಿಯಿಂದ ಹೇಳಿದ ಈ ಮಾತೇ ರೋಗಿಗೆ ತನ್ನ ತಪ್ಪಿನ ಪಟ್ಟಿಗೆ ಇನ್ನೊಂದು ಸೇರಿದಂತೆ ಕೇಳಿಸುತ್ತದೆ. ಮೇಲಾಗಿ, ದುಃಖದ ಮೂಲ ಮನೆಯಲ್ಲಿಯೇ ಇದ್ದಾಗ ಮನೆಯವರೊಡನೆ ಆಡುವುದೇನನ್ನು? ಕೇಳಿದುದನ್ನು ಹೊರಗೆ ಬಿಡದ, ಮರುದಿನ ಅದನ್ನೇ ಎತ್ತಿ ಆಡದ, ಕ್ರಮವರಿತು ಪ್ರಶ್ನಿಸುವ ಮೂರನೆಯವರು ಬೇಕಾಗುವುದು ಆಗಲೇ.

ಗುಳಿಗೆಯಿರುವಾಗ ಮಾತೇಕೆ ಎಂಬುದು ಎರಡನೆಯದು. ಮಾತಿಗೂ ಗುಳಿಗೆಗೂ ಜಗಳವಿಲ್ಲ. ಸಾಮಾನ್ಯ ಮಟ್ಟದ ಖಿನ್ನತೆಯಲ್ಲಿಯೂ ಆತಂಕವ್ಯಾಧಿಯಲ್ಲಿಯೂ ಎರಡರ ಫಲ ಹೆಚ್ಚುಕಡಮೆ ಸಮನಾಗಿದೆ. ತೀವ್ರ ಖಿನ್ನತೆಯಲ್ಲಿ ಎರಡನ್ನೂ ಕೂಡಿಸಿದರೆ ಒಂದೊಂದಕ್ಕಿಂತ ಹೆಚ್ಚು ಫಲವೆಂದು ಅನೇಕ ಪರೀಕ್ಷೆಗಳು ತೋರಿಸಿವೆ. ಗುಳಿಗೆ ನಿಲ್ಲಿಸಿದ ಮೇಲೆ ಬೇನೆ ಮರುಕಳಿಸುವುದುಂಟು. ಮಾತಿನಿಂದ ಕಲಿತ ವಿದ್ಯೆ ಚಿಕಿತ್ಸೆ ಮುಗಿದ ಮೇಲೆಯೂ ಬಹುಮಟ್ಟಿಗೆ ಜೊತೆಗಿರುತ್ತದೆ. ಆದರೆ ವೈದ್ಯರನ್ನು ಕೇಳದೆ ಗುಳಿಗೆಯನ್ನು ತಟ್ಟನೆ ನಿಲ್ಲಿಸಿ ಸಮಾಲೋಚಕರ ಬಾಗಿಲಿಗೆ ಓಡುವುದು ಅಪಾಯಕರ.

ಎಲ್ಲಿ ಸಲ್ಲದು?

ಪಕ್ಷಪಾತದ ದೋಷ ನಮಗೆ ತಟ್ಟದಿರಬೇಕಾದರೆ ಈ ಚಿಕಿತ್ಸೆಯ ಎಲ್ಲೆಗಳನ್ನೂ ಹೇಳಬೇಕು. ಇಲ್ಲದ ಧ್ವನಿಗಳು ಕೇಳಿಸುವುದು, ಯಾರೋ ವಿಷವಿಕ್ಕುತ್ತಿರುವರೆಂಬ ಬಲವಾದ ಭ್ರಮೆ, ದಿನಗಟ್ಟಲೆ ನಿದ್ರೆಯಿಲ್ಲದೆಯೂ ದಣಿಯದ ವಿಪರೀತ ಉತ್ಸಾಹ ಮೊದಲಾದ ಲಕ್ಷಣಗಳು ಕಂಡಲ್ಲಿ ಮೊದಲು ಬೇಕಾದುದು ಮನೋವೈದ್ಯರೂ ಔಷಧವೂ. ಮಾತಿನ ನೆರವು ಅದರ ಹಿಂದೆ ಬರಬೇಕು. ಥೈರಾಯಿಡ್ ಗ್ರಂಥಿಯ ದೋಷದಿಂದಲೂ ರಕ್ತಹೀನತೆಯಿಂದಲೂ ಖಿನ್ನತೆಯನ್ನೇ ಹೋಲುವ ಲಕ್ಷಣಗಳು ಉಂಟಾಗುವುದುಂಟು. ಆದುದರಿಂದ ದೇಹಪರೀಕ್ಷೆಯನ್ನು ಬಿಡಬಾರದು. ಪ್ರಾಣ ಕಳೆದುಕೊಳ್ಳುವ ಯೋಚನೆ ಬಲವಾಗಿದ್ದರೆ ಮುಂದಿನ ವಾರದ ಬೈಠಕ್ಕಿಗೆ ಕಾಯದೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ರೋಗಿಯನ್ನು ಒಬ್ಬನೇ ಬಿಡಬಾರದು.

ಮಾತಿನಿಂದ ಕೆಡುಕೇ ಇಲ್ಲವೆಂಬುದೂ ಸುಳ್ಳು. ಅಪಘಾತವೋ ಪ್ರವಾಹವೋ ನಡೆದ ಕೂಡಲೆ ನೊಂದವರನ್ನೆಲ್ಲ ಕೂರಿಸಿ ನಡೆದುದನ್ನು ಒಂದೇ ಬೈಠಕ್ಕಿನಲ್ಲಿ ವಿವರವಾಗಿ ಹೇಳಿಸುವ ಪದ್ಧತಿಯೊಂದು ಹಿಂದೆ ಬಹಳ ಪ್ರಚಾರದಲ್ಲಿತ್ತು. ಪರೀಕ್ಷಿಸಿ ನೋಡಿದಾಗ ಅದರಿಂದ ಪ್ರಯೋಜನ ಕಾಣಲಿಲ್ಲ. ಕೆಲವರಿಗೆ ನೋವು ಹೆಚ್ಚೇ ಆಗಿತ್ತು. ನೊಂದವನು ತಾನಾಗಿ ಮಾತನಾಡುವುದು ಬೇರೆ, ಬಲವಂತದಿಂದ ಮಾತನಾಡಿಸುವುದು ಬೇರೆ. ಕ್ರಮವಾದ ಚಿಕಿತ್ಸೆಯಲ್ಲಿಯೂ ಕೆಲವರ ಸ್ಥಿತಿ ಸುಧಾರಿಸುವುದಕ್ಕೆ ಬದಲು ಕೆಡುವುದುಂಟು. ಆದುದರಿಂದಲೇ ನಾವು ಹೇಳುವುದು: ಇದನ್ನು ಭಕ್ತಿಯಿಂದ ಹಿಡಿಯುವುದೂ ಬೇಡ, ತಾತ್ಸಾರದಿಂದ ತಳ್ಳುವುದೂ ಬೇಡ; ಅವಧಿಯನ್ನೂ ಅಳತೆಯನ್ನೂ ಇಟ್ಟುಕೊಂಡು ಪರೀಕ್ಷಿಸಿ ನೋಡತಕ್ಕದ್ದು.

ನಮ್ಮ ಮಾತಿನಲ್ಲಿ ನಡೆಯಬೇಕು

ಮಾತೇ ಮದ್ದಾದ ಮೇಲೆ ಆ ಮಾತು ಯಾವ ಭಾಷೆಯದೆಂಬುದು ಸಣ್ಣ ವಿಷಯವಾಗಲಾರದು. ಕಚೇರಿಯ ಕಾಗದವನ್ನು ಇಂಗ್ಲಿಷಿನಲ್ಲಿ ಬರೆಯುವವನೂ ತಾಯಿಯ ಸಾವನ್ನು ನೆನೆದು ಅಳುವುದು ಕನ್ನಡದಲ್ಲಿಯೇ. 'ಹೊಟ್ಟೆಯಲ್ಲಿ ತಳಮಳ', 'ಎದೆ ಭಾರ', 'ಮನಸ್ಸು ಮುದುಡಿತು', 'ಯಾವುದರಲ್ಲಿಯೂ ಮನಸ್ಸಿಲ್ಲ' ಎಂದು ನಮ್ಮ ಜನರು ತಮ್ಮ ಬೇನೆಯನ್ನು ದೇಹದ ಮಾತಿನಲ್ಲಿ ಹೇಳುತ್ತಾರೆ. ಇದನ್ನು ಕೇಳಿ ತಿಳಿಯಬಲ್ಲವನು ಆ ಭಾಷೆಯಲ್ಲಿ ಬೆಳೆದಿರಬೇಕು, ಇಲ್ಲವೇ ಅದನ್ನು ಶ್ರಮಪಟ್ಟು ಕಲಿತಿರಬೇಕು.

ಈ ಕಾರ್ಯಕ್ಕೆ ನಮ್ಮ ನಾಡಿನಲ್ಲಿ ತಳಹದಿ ಇಲ್ಲದೆ ಇಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆಯ ಮೂಲ ೧೮೪೫ರಷ್ಟು ಹಿಂದಿನದು. ಬೆಂಗಳೂರಿನ ಹುಚ್ಚರ ಆಸ್ಪತ್ರೆಯು ೧೯೨೫ರಲ್ಲಿ ಆ ಹೆಸರನ್ನು ಕಳಚಿ ಮಾನಸಿಕ ಆಸ್ಪತ್ರೆಯೆನಿಸಿಕೊಂಡಿತು. ೧೯೫೪ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ೧೯೭೪ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ೧೯೮೦ರ ದಶಕದಲ್ಲಿ ಆ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 'ಕೊರವಂಜಿ' ಪತ್ರಿಕೆಯಿಂದ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರು ಮನೋವೈದ್ಯವನ್ನು ಕುರಿತು ಕನ್ನಡದಲ್ಲಿ ಬರೆದ 'ಮನಮಂಥನ'ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಡಾ. ಸಿ. ಆರ್. ಚಂದ್ರಶೇಖರ್ ಅವರು ಸಾಮಾನ್ಯ ಓದುಗರಿಗಾಗಿ ಕನ್ನಡದಲ್ಲಿ ಸಾಲುಸಾಲಾಗಿ ಪುಸ್ತಕಗಳನ್ನು ಬರೆದಿದ್ದಾರೆ. ಶಬ್ದಗಳು ನಮ್ಮಲ್ಲಿಲ್ಲವೆಂದು ಇನ್ನು ಯಾರೂ ಹೇಳಕೂಡದು. ಇಲ್ಲದಿರುವುದು ತಾಲೂಕು ಕೇಂದ್ರದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಆ ಶಬ್ದಗಳನ್ನು ಕೇಳುವ ಜನ.

ಪರೀಕ್ಷಿಸಿ ನೋಡುವ ಬಗೆ

ಹಾಗಾದರೆ ಬೇನೆ ಬಿದ್ದವನು ಮಾಡತಕ್ಕದ್ದೇನು? ಖಿನ್ನತೆಯೋ ಆತಂಕವೋ ಎರಡು ವಾರಗಳಿಗೆ ಮೇಲ್ಪಟ್ಟು ಬಿಡದೆ ಕಾಡಿ, ನಿದ್ರೆಗೂ ಉದ್ಯೋಗಕ್ಕೂ ಅಡ್ಡಿಯಾಗುತ್ತಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಹೋಗಲು ಸಂಕೋಚವಾದರೆ, ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ದೂರವಾಣಿ ಸೇವೆಯ ೧೪೪೧೬ ಸಂಖ್ಯೆಗೆ ಹಗಲಿರುಳು ಯಾವಾಗಲಾದರೂ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು, ಶುಲ್ಕವಿಲ್ಲ.

ಖಾಸಗಿಯವರ ಬಳಿಗೆ ಹೋಗುವುದಾದರೆ ಎಚ್ಚರ ಬೇಕು. ದೊಡ್ಡ ಪಟ್ಟಣಗಳಲ್ಲಿ ಶುಲ್ಕ ಒಂದು ಸಲಕ್ಕೆ ಸಾವಿರ ರೂಪಾಯಿಗಳನ್ನು ಮೀರುವುದುಂಟು. ಫಲಕ ತೂಗಿಹಾಕಿದವರೆಲ್ಲರೂ ಕಲಿತವರಲ್ಲ. ನೀವು ಎಲ್ಲಿ ಕಲಿತಿರಿ, ಚಿಕಿತ್ಸಕ ಮನಶ್ಶಾಸ್ತ್ರಜ್ಞರೆಂದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರುವಿರಾ, ಯಾವ ಪದ್ಧತಿ ಅನುಸರಿಸುತ್ತೀರಿ, ಸುಮಾರು ಎಷ್ಟು ಬೈಠಕ್ಕು ಬೇಕಾದೀತು, ಸುಧಾರಣೆಯನ್ನು ಹೇಗೆ ಅಳೆಯುತ್ತೀರಿ ಎಂದು ಮೊದಲ ದಿನವೇ ಕೇಳಬೇಕು. ಕೇಳಿದುದಕ್ಕೆ ಸಿಟ್ಟಾಗುವವರನ್ನೂ, ಶೀಘ್ರ ಶಾಶ್ವತ ಗುಣವೆಂದು ಭರವಸೆ ಕೊಡುವವರನ್ನೂ ಬಿಟ್ಟು ಬರಬೇಕು. ಆರರಿಂದ ಎಂಟು ವಾರ ಕ್ರಮವಾಗಿ ಹೋಗಿ, ಹೇಳಿದ ಅಭ್ಯಾಸವನ್ನು ಮನೆಯಲ್ಲಿ ಮಾಡಿ, ಆಗಲೂ ಏನೂ ಭೇದ ಕಾಣದಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ ಪದ್ಧತಿಯನ್ನಾಗಲಿ ಚಿಕಿತ್ಸಕರನ್ನಾಗಲಿ ಬದಲಾಯಿಸಬೇಕು. ಒಬ್ಬ ವೈದ್ಯನ ಔಷಧ ಹಿಡಿಯಲಿಲ್ಲವೆಂದು ವೈದ್ಯಶಾಸ್ತ್ರವನ್ನೇ ಬಿಡುವವರುಂಟ?

ಅಧಿಕಾರದಲ್ಲಿರುವವರಿಗೆ ನಮ್ಮ ಅರಿಕೆ ಬೇರೆ ಇದೆ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದು ಸಾರಿದೆ. ರೋಗಿಯ ಗುಟ್ಟನ್ನು ಕಾಪಾಡಬೇಕೆಂದಿದೆ. ವಿಮಾ ಕಂಪೆನಿಗಳು ದೇಹದ ರೋಗಕ್ಕೂ ಮನಸ್ಸಿನ ರೋಗಕ್ಕೂ ಭೇದವೆಣಿಸಬಾರದೆಂದಿದೆ. ಕಾಯಿದೆಯ ಪುಸ್ತಕದಲ್ಲಿರುವ ಹಕ್ಕು ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಿಗೆ ಬರಬೇಕಾದರೆ, ಗೋವೆಯಲ್ಲಿ ಮಾಡಿ ತೋರಿಸಿದಂತೆ ಊರಿನವರಿಗೇ ತರಬೇತಿ ಕೊಟ್ಟು, ಮೇಲಿನಿಂದ ಅವರ ಕೆಲಸವನ್ನು ತಪ್ಪದೆ ಪರಿಶೀಲಿಸುವ ಏರ್ಪಾಡು ಆಗಬೇಕು. ತರಬೇತಿ ಕೊಟ್ಟು ಪರಿಶೀಲನೆಯನ್ನು ಕೈಬಿಟ್ಟರೆ ಉಳಿಯುವುದು ಬರಿಯ ಫಲಕ. ಕಚೇರಿಗಳ ಮುಖ್ಯಸ್ಥರು ಮಾಡಬಹುದಾದ ಕೆಲಸಕ್ಕೆ ಹಣವೂ ಬೇಡ: ಕೈಕೆಳಗಿನವನು ಜ್ವರಕ್ಕೆ ರಜೆ ಕೇಳಿದಾಗ ಕೊಡುವಷ್ಟೇ ಸಹಜವಾಗಿ, ಈ ಕಾರಣಕ್ಕೆ ಕೇಳಿದಾಗಲೂ ಕೊಟ್ಟು, ಆ ಕಾಗದವನ್ನು ನಾಲ್ವರ ಬಾಯಿಗೆ ಬೀಳದಂತೆ ಇಟ್ಟರೆ ಸಾಕು.

ನಮ್ಮ ಪರಿಚಿತರ ವಿಷಯವನ್ನು ಹೇಳಿ ಮುಗಿಸುತ್ತೇವೆ. ಅವರು ಕೊನೆಗೆ ಹೋದರು. ಎಂಟು ಬೈಠಕ್ಕು ಕುಳಿತರು. ವೈದ್ಯರು ಕೊಟ್ಟ ಗುಳಿಗೆಯನ್ನೂ ತೆಗೆದುಕೊಂಡರು. ಮೊನ್ನೆ ಸಿಕ್ಕಾಗ, "ಪೂರ್ತಿ ಗುಣವಾಯಿತೆಂದು ಹೇಳಲಾರೆ ಸ್ವಾಮಿ. ಈಗಲೂ ಕೆಲವು ದಿನ ಮೂರು ಗಂಟೆಗೆ ಎಚ್ಚರವಾಗುತ್ತದೆ. ಆದರೆ ಎಚ್ಚರವಾದಾಗ ಏನು ಮಾಡಬೇಕೆಂಬುದು ಈಗ ಗೊತ್ತಿದೆ" ಎಂದರು. ಅದರಲ್ಲಿ ಮಾತಿನ ಪಾಲೆಷ್ಟು, ಗುಳಿಗೆಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ನಾವು ಬಿಡಿಸಿ ಹೇಳಲಾರೆವು, ಅವರೂ ಹೇಳಲಾರರು. ಒಬ್ಬರ ಅನುಭವ ಪ್ರಮಾಣವಲ್ಲವೆಂದೇ ನಾವು ನೂರಾರು ಮಂದಿಯ ಲೆಕ್ಕವನ್ನು ಮೇಲೆ ಕೊಟ್ಟಿದ್ದೇವೆ.

ಬರೆಯುವುದಾದರೆ ತಮ್ಮ ಹೆಸರನ್ನೂ ಇಲಾಖೆಯನ್ನೂ ಬರೆಯಬೇಡಿರೆಂದು ಅವರು ಕೇಳಿಕೊಂಡರು. ಅವರ ಇಚ್ಛೆಯನ್ನು ನಡೆಸಿದ್ದೇವೆ. ಸಕ್ಕರೆ ರೋಗವಿರುವ ಅಧಿಕಾರಿಗಳಾರೂ ನಮ್ಮೊಡನೆ ಇಂಥ ಮಾತನ್ನು ಕೇಳಿಕೊಂಡಿಲ್ಲ.